ಸಾಲ ತೀರಿದ ಮೇಲೆ ಬಂದ ಸಮಾಪನ ಆದೇಶ: ಭೂಷಣ್ ಪವರ್ ಅಂಡ್ ಸ್ಟೀಲ್ ಪ್ರಕರಣ ಅಧ್ಯಯನ

2025ರ ಮೇ 2ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಭೂಷಣ್ ಪವರ್ ಅಂಡ್ ಸ್ಟೀಲ್ ಕಂಪನಿಯ ಸಮಾಪನಕ್ಕೆ ಆದೇಶಿಸಿತು. ಸಮಾಪನ ಎಂದರೆ ಕಂಪನಿಯ ಬಾಗಿಲು ಹಾಕಿ, ಆಸ್ತಿ ಮಾರಿ, ಬಂದಷ್ಟನ್ನು ಸಾಲದಾತರಿಗೆ ಹಂಚುವುದು. ಆ ದಿನ ಒಡಿಶಾದ ಝಾರ್ಸುಗುಡದಲ್ಲಿ ಅದೇ ಕಂಪನಿಯ ಕುಲುಮೆಗಳು ಉರಿಯುತ್ತಿದ್ದವು. ಬ್ಯಾಂಕುಗಳ ಕೈಗೆ 19,350 ಕೋಟಿ ರೂಪಾಯಿ ಸೇರಿ ನಾಲ್ಕು ವರ್ಷ ಕಳೆದಿತ್ತು. ಹೊಸ ಮಾಲೀಕ ಜೆಎಸ್‌ಡಬ್ಲ್ಯು ಸ್ಟೀಲ್ ಘಟಕದ ಸಾಮರ್ಥ್ಯವನ್ನು ವರ್ಷಕ್ಕೆ ಸುಮಾರು 25 ಲಕ್ಷ ಟನ್ನಿನಿಂದ 45 ಲಕ್ಷ ಟನ್ನಿಗೆ ಏರಿಸಿತ್ತು. ದಿವಾಳಿಯಿಂದ ಹೊರಬಂದು ಲಾಭದಲ್ಲಿದ್ದ ಕಂಪನಿಯೊಂದು ಕಾನೂನಿನ ಕಣ್ಣಲ್ಲಿ ಮತ್ತೆ ದಿವಾಳಿಯಾಯಿತು.

ಆ ತೀರ್ಪು ಈಗ ಇಲ್ಲ. ಜುಲೈ 31ರಂದು ಅದನ್ನು ಹಿಂಪಡೆಯಲಾಯಿತು; ಸೆಪ್ಟೆಂಬರ್ 26ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ನೇತೃತ್ವದ ಪೀಠ ಜೆಎಸ್‌ಡಬ್ಲ್ಯು ಯೋಜನೆಯನ್ನು, ಅಂದರೆ ಕಂಪನಿಯನ್ನು ಕೊಂಡು ಉಳಿಸುವ ಪ್ರಸ್ತಾವವನ್ನು, ಎತ್ತಿಹಿಡಿಯಿತು. ಆದರೂ ಈ ಪ್ರಕರಣವನ್ನು ಬಿಡಿಸಿ ನೋಡಬೇಕಾದ ಕಾರಣವಿದೆ. ದಿವಾಳಿ ಸಂಹಿತೆಗೆ (ಐಬಿಸಿ) 2017ರಿಂದ ಈಚೆಗೆ ಬಂದ ದೊಡ್ಡ ತಿದ್ದುಪಡಿಗಳಲ್ಲಿ ಹೆಚ್ಚಿನವು ಈ ಒಂದೇ ಕಂಪನಿಯ ಕಡತದಲ್ಲಿ ಎದುರಾಗುತ್ತವೆ. ಕೆಲವಕ್ಕೆ ಈ ಕಂಪನಿಯ ಪಾಡೇ ನೇರ ಕಾರಣ. ಕಂಪನಿಯನ್ನು ಉಳಿಸುವ ಯಂತ್ರ ಇಲ್ಲಿ ಮುಗ್ಗರಿಸಿದ್ದು ಖರೀದಿದಾರನನ್ನು ಹುಡುಕುವ ಹಂತದಲ್ಲಲ್ಲ. ಖರೀದಿದಾರ ಸಿಕ್ಕಿ, ಬೆಲೆ ಗೊತ್ತಾಗಿ, ಸಾಲದಾತರು ಒಪ್ಪಿದ ನಂತರದ ದಾರಿಯಲ್ಲಿ.

ಹಿನ್ನೆಲೆ, ಚುಟುಕಾಗಿ

2016ರ ಡಿಸೆಂಬರ್ 1ರಂದು ಸಂಹಿತೆಯ ಕಂಪನಿ ದಿವಾಳಿ ಭಾಗ ಜಾರಿಗೆ ಬಂತು. ಅದಕ್ಕೂ ಮುಂಚೆ ರೋಗಗ್ರಸ್ತ ಕೈಗಾರಿಕೆಗಳು 1985ರ ಕಾಯ್ದೆಯಡಿ ಬಿಐಎಫ್ಆರ್ (ಕೈಗಾರಿಕಾ ಮತ್ತು ಹಣಕಾಸು ಪುನಾರಚನಾ ಮಂಡಳಿ) ಮುಂದೆ ಹೋಗಿ, ಅಲ್ಲಿ ಸಿಗುವ ತಡೆಯ ನೆರಳಲ್ಲಿ ವರ್ಷಗಟ್ಟಲೆ ಕೂರುತ್ತಿದ್ದವು. ಪ್ರವರ್ತಕರು ಕುರ್ಚಿ ಬಿಡುತ್ತಿರಲಿಲ್ಲ, ಬ್ಯಾಂಕಿಗೆ ಹಣ ಬರುತ್ತಿರಲಿಲ್ಲ. ಹೊಸ ಸಂಹಿತೆ ಇದನ್ನು ತಲೆಕೆಳಗು ಮಾಡಿತು. ಅರ್ಜಿ ಅಂಗೀಕಾರವಾದ ಕ್ಷಣದಿಂದ ನಿರ್ದೇಶಕ ಮಂಡಳಿಯ ಅಧಿಕಾರ ಅಮಾನತು. ಆಡಳಿತ ರೆಸಲ್ಯೂಷನ್ ಪ್ರೊಫೆಷನಲ್ (ಆರ್‌ಪಿ) ಕೈಗೆ. ನಿರ್ಧಾರ ಸಾಲದಾತರ ಸಮಿತಿಗೆ. ಆಗ 180 ದಿನ, ಬೇಕಿದ್ದರೆ ಇನ್ನು 90, ಒಟ್ಟು 270 ದಿನದೊಳಗೆ ಯೋಜನೆ ಒಪ್ಪಿಗೆಯಾಗಬೇಕು. ಇಲ್ಲದಿದ್ದರೆ ಸಮಾಪನ.

2017ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ 12 ದೊಡ್ಡ ಸಾಲಗಾರರನ್ನು ಗುರುತಿಸಿ ದಿವಾಳಿ ಪ್ರಕ್ರಿಯೆಗೆ ಒಯ್ಯುವಂತೆ ಬ್ಯಾಂಕುಗಳಿಗೆ ಹೇಳಿತು. ಇಡೀ ಬ್ಯಾಂಕಿಂಗ್ ವಲಯದ ವಸೂಲಾಗದ ಸಾಲದಲ್ಲಿ ಸುಮಾರು ಕಾಲು ಭಾಗ ಈ 12 ಖಾತೆಗಳಲ್ಲೇ ಇತ್ತು. ಪಟ್ಟಿಯಲ್ಲಿ ಭೂಷಣ್ ಹೆಸರಿನ ಎರಡು ಕಂಪನಿಗಳಿದ್ದವು, ಓದುಗರು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಭೂಷಣ್ ಸ್ಟೀಲ್ 2018ರ ಮೇನಲ್ಲಿ ಟಾಟಾ ಸ್ಟೀಲ್ ಪಾಲಾಗಿ ಕೆಲಸ ಮುಗಿಯಿತು. ನಾವು ಮಾತಾಡುತ್ತಿರುವುದು ಭೂಷಣ್ ಪವರ್ ಅಂಡ್ ಸ್ಟೀಲ್ ಬಗ್ಗೆ. ಪಂಜಾಬ್ ನ್ಯಾಷನಲ್ ಬ್ಯಾಂಕ್ ಸಲ್ಲಿಸಿದ ಅರ್ಜಿಯನ್ನು ದೆಹಲಿಯ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ (ಎನ್‌ಸಿಎಲ್‌ಟಿ) 2017ರ ಜುಲೈ 26ರಂದು ಅಂಗೀಕರಿಸಿತು. ಆರ್ಥಿಕ ಸಾಲದಾತರ, ಅಂದರೆ ಬ್ಯಾಂಕುಗಳಂಥವರ, ಒಪ್ಪಿತ ಕ್ಲೇಮು ಸುಮಾರು 47,158 ಕೋಟಿ ರೂಪಾಯಿ.

ಹರಾಜಿನ ಜಗಳ: ಹೆಚ್ಚು ಬೆಲೆ ಬಂತು, ಯಾರಿಗೆ ಉಳಿಯಿತು?

270 ದಿನಗಳ ಲೆಕ್ಕ 2018ರ ಏಪ್ರಿಲ್ 22ಕ್ಕೆ ಮುಗಿಯಬೇಕಿತ್ತು. ಫೆಬ್ರುವರಿ 8 ಬಿಡ್ ಸಲ್ಲಿಸಲು ಕೊನೆಯ ದಿನ. ಟಾಟಾ ಸ್ಟೀಲ್ ಮತ್ತು ಜೆಎಸ್‌ಡಬ್ಲ್ಯು ಅಂದಿಗೆ ಬಿಡ್ ಕೊಟ್ಟವು. ಬ್ರಿಟನ್ನಿನ ಲಿಬರ್ಟಿ ಹೌಸ್ 12 ದಿನ ತಡವಾಗಿ ಬಂತು. ತಡವಾದ ಬಿಡ್ ನೋಡಬೇಕೋ ಬೇಡವೋ ಎಂಬ ಪ್ರಶ್ನೆ ಎನ್‌ಸಿಎಲ್‌ಟಿಗೆ ಹೋಯಿತು, ‘ನೋಡಿ’ ಎಂದಿತು ಅದು. ಮೊದಲ ಸುತ್ತಿನಲ್ಲಿ ಸುಮಾರು 17,000 ಕೋಟಿಯ ಟಾಟಾ ಬಿಡ್ ಮುಂದಿತ್ತು. ಬಹಳ ಹಿಂದಿದ್ದ ಜೆಎಸ್‌ಡಬ್ಲ್ಯು ಪರಿಷ್ಕರಿಸುವ ಅವಕಾಶ ಸಿಕ್ಕಿದಾಗ 19,350 ಕೋಟಿಗೆ ಏರಿತು. 2018ರ ಅಕ್ಟೋಬರ್‌ನಲ್ಲಿ ಸಾಲದಾತರ ಸಮಿತಿ ಶೇ 97ಕ್ಕೂ ಹೆಚ್ಚು ಮತದಿಂದ ಅದನ್ನು ಒಪ್ಪಿತು. ಟಾಟಾ ಮೇಲ್ಮನವಿ ಹೋಯಿತು, 2019ರ ಆರಂಭದಲ್ಲಿ ಸೋತಿತು.

ಬ್ಯಾಂಕಿನವರು ಇದನ್ನು ಗೆಲುವೆಂದೇ ಎಣಿಸಿದರು. 2,350 ಕೋಟಿ ಹೆಚ್ಚುವರಿ ಸಣ್ಣ ಮೊತ್ತವಲ್ಲ. ಆದರೆ ಲೆಕ್ಕದ ಇನ್ನೊಂದು ಮಗ್ಗುಲು ನೋಡಿ. 17,000 ಕೋಟಿ 2018ರ ಏಪ್ರಿಲ್ ಕೊನೆಗೆ ಬಂದಿದ್ದರೆ, ವರ್ಷಕ್ಕೆ ಶೇ 8ರ ಸರಳ ಬಡ್ಡಿ ಹಿಡಿದರೂ 2021ರ ಮಾರ್ಚ್ ಹೊತ್ತಿಗೆ ಅದು ಸುಮಾರು 4,000 ಕೋಟಿ ಗಳಿಸಿರುತ್ತಿತ್ತು. ತಡವಾದದ್ದು ಹರಾಜಿನ ಜಗಳ ಒಂದರಿಂದಲೇ ಅಲ್ಲ, ಟಾಟಾ ಗೆದ್ದಿದ್ದರೂ ಯಾರೋ ಒಬ್ಬರು ಕೋರ್ಟಿಗೆ ಹೋಗುತ್ತಿದ್ದರು, ಇದೆಲ್ಲ ಸರಿ. ಆದರೂ ಕೊನೆಯ ದಿನಾಂಕ ದಾಟಿದ ಬಿಡ್ಡಿಗೆ ಬಾಗಿಲು ತೆರೆದರೆ ಬರುವ ಹೆಚ್ಚುವರಿ ಹಣ ಕಾಗದದ ಮೇಲೆ ಕಾಣುವಷ್ಟು ದೊಡ್ಡದಲ್ಲ. ಜೊತೆಗೆ, ಮುಂದಿನ ಪ್ರಕರಣದಲ್ಲಿ ಯಾರೂ ಮೊದಲ ಸುತ್ತಿಗೆ ನಿಜವಾದ ಬೆಲೆ ಹಾಕುವುದಿಲ್ಲ. ಎದುರಾಳಿಯ ಅಂಕಿ ಗೊತ್ತಾದ ಮೇಲೆ ಏರಿಸೋಣ ಎಂದು ಕಾಯುತ್ತಾರೆ.

ಇದಕ್ಕೆ ಮದ್ದು 2021ರ ಸೆಪ್ಟೆಂಬರ್ 30ರ ನಿಯಮ ತಿದ್ದುಪಡಿಯಲ್ಲಿ ಬಂತು. ದಿವಾಳಿ ಮಂಡಳಿ (ಐಬಿಬಿಐ) ಮಾಡಿದ ಈ ಬದಲಾವಣೆಯ ಪ್ರಕಾರ ಯೋಜನೆಯನ್ನು ಒಂದು ಸಲಕ್ಕಿಂತ ಹೆಚ್ಚು ಮಾರ್ಪಡಿಸುವಂತಿಲ್ಲ, ಅಥವಾ ಬಹಿರಂಗ ಪೈಪೋಟಿ ಸುತ್ತು ನಡೆಸಿ ಅಲ್ಲೇ ಬೆಲೆ ತೀರ್ಮಾನಿಸಬೇಕು. ಗಡುವು ದಾಟಿ ಬಂದ ಯೋಜನೆಯನ್ನು ಸಮಿತಿ ಪರಿಗಣಿಸುವಂತಿಲ್ಲ. ಚಿಕ್ಕ ನಿಯಮ, ಸುದ್ದಿಯಾಗಲಿಲ್ಲ; ನಮ್ಮ ಎಣಿಕೆಯಲ್ಲಿ ದೊಡ್ಡ ಹೆಸರಿನ ಎಷ್ಟೋ ತಿದ್ದುಪಡಿಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಇದು.

ಹಳೆಯ ಪಾಪ, ಹೊಸ ಮಾಲೀಕ

2019ರ ಸೆಪ್ಟೆಂಬರ್ 5ರಂದು ಎನ್‌ಸಿಎಲ್‌ಟಿ ಯೋಜನೆಯನ್ನು ಷರತ್ತುಗಳೊಂದಿಗೆ ಮಂಜೂರು ಮಾಡಿತು. ಸರಿಯಾಗಿ 35 ದಿನಕ್ಕೆ, ಅಕ್ಟೋಬರ್ 10ರಂದು, ಜಾರಿ ನಿರ್ದೇಶನಾಲಯ (ಇ.ಡಿ.) ಕಂಪನಿಯ 4,025 ಕೋಟಿ ರೂಪಾಯಿ ಮೌಲ್ಯದ ಆಸ್ತಿಯನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ಮುಟ್ಟುಗೋಲು ಹಾಕಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಸಿಬಿಐ ಎಫ್‌ಐಆರ್ ಆಗಿತ್ತು. ಜುಲೈನಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕ್ ಇದೇ ಖಾತೆಯಲ್ಲಿ 3,805 ಕೋಟಿ ರೂಪಾಯಿ ವಂಚನೆಯಾಗಿದೆ ಎಂದು ರಿಸರ್ವ್ ಬ್ಯಾಂಕಿಗೆ ವರದಿ ಮಾಡಿತ್ತು.

ಜೆಎಸ್‌ಡಬ್ಲ್ಯು ಇದ್ದ ಜಾಗದಲ್ಲಿ ನಿಂತು ನೋಡಿ. 19,350 ಕೋಟಿ ಕೊಟ್ಟು ಕಾರ್ಖಾನೆ ಕೊಳ್ಳಬೇಕು. ಅದರ ಐದನೇ ಒಂದು ಭಾಗದಷ್ಟು ಮೌಲ್ಯದ ಆಸ್ತಿ ಸರ್ಕಾರದ ಮುಟ್ಟುಗೋಲಿನಲ್ಲಿದೆ. ಹಳೆಯ ಪ್ರವರ್ತಕರು ಮಾಡಿದ್ದಾರೆನ್ನಲಾದ ಅಪರಾಧಕ್ಕೆ ಕಂಪನಿ ಆರೋಪಿ. ಇಂಥ ಸ್ಥಿತಿಯಲ್ಲಿ ಯಾವ ಬ್ಯಾಂಕೂ ಖರೀದಿಗೆ ಸಾಲ ಕೊಡುವುದಿಲ್ಲ, ಯಾವ ನಿರ್ದೇಶಕ ಮಂಡಳಿಯೂ ಚೆಕ್ಕಿಗೆ ಸಹಿ ಹಾಕುವುದಿಲ್ಲ. ಮೇಲ್ಮನವಿ ನ್ಯಾಯಮಂಡಳಿ (ಎನ್‌ಸಿಎಲ್‌ಎಟಿ) ನಾಲ್ಕೇ ದಿನಕ್ಕೆ ಮುಟ್ಟುಗೋಲಿಗೆ ತಡೆ ಕೊಟ್ಟಿತಾದರೂ ತಡೆ ಎಂಬುದು ತಾತ್ಕಾಲಿಕ. ಕಂಪನಿ ವ್ಯವಹಾರ ಸಚಿವಾಲಯ ಖರೀದಿದಾರನ ಪರ, ಇ.ಡಿ. ವಿರುದ್ಧ, ಒಂದೇ ಸರ್ಕಾರದ ಎರಡು ಕೈಗಳು ಎರಡು ದಿಕ್ಕಿಗೆ ಎಳೆದವು.

2019ರ ಡಿಸೆಂಬರ್ 28ರ ಸುಗ್ರೀವಾಜ್ಞೆಯಿಂದ ಸಂಹಿತೆಗೆ ಸೇರಿದ ಕಲಂ 32ಎ ಹುಟ್ಟಿದ್ದು ಈ ಬಿಕ್ಕಟ್ಟಿನಿಂದ. ಯೋಜನೆ ಮಂಜೂರಾಗಿ, ಕಂಪನಿಯ ನಿಯಂತ್ರಣ ಹಳಬರ ಕೈಯಿಂದ ನಿಜವಾಗಿ ಬೇರೆಯವರಿಗೆ ಹೋದರೆ, ಪ್ರಕ್ರಿಯೆ ಶುರುವಾಗುವ ಮುಂಚಿನ ಅಪರಾಧಕ್ಕೆ ಕಂಪನಿಯನ್ನು ವಿಚಾರಣೆಗೆ ಒಳಪಡಿಸುವಂತಿಲ್ಲ, ಅದರ ಆಸ್ತಿಯನ್ನು ಮುಟ್ಟುಗೋಲು ಹಾಕುವಂತಿಲ್ಲ. ರಕ್ಷಣೆ ಕಂಪನಿಗೆ ಮಾತ್ರ. ಅಪರಾಧ ಮಾಡಿದ ವ್ಯಕ್ತಿಗಳ ಮೇಲಿನ ಮೊಕದ್ದಮೆ ಮುಂದುವರಿಯುತ್ತದೆ. ಹೊಸ ಮಾಲೀಕ ಹಳೆಯ ಪ್ರವರ್ತಕನಾಗಿರಬಾರದು, ಅವನ ಸಂಬಂಧಿತ ಪಕ್ಷವೂ ಆಗಿರಬಾರದು, ಅಪರಾಧದಲ್ಲಿ ಶಾಮೀಲಾಗಿದ್ದನೆಂದು ನಂಬಲು ಕಾರಣ ಇರಬಾರದು.

ಇವುಗಳಲ್ಲಿ ಸಂಬಂಧಿತ ಪಕ್ಷದ ಷರತ್ತಿನ ಸುತ್ತಲೇ ಮತ್ತೊಂದು ಸುತ್ತು ವಾದ ನಡೆಯಿತು. ಹಿಂದೆ ಕಲ್ಲಿದ್ದಲು ನಿಕ್ಷೇಪವೊಂದು ಹಲವು ಕಂಪನಿಗಳಿಗೆ ಜಂಟಿಯಾಗಿ ಹಂಚಿಕೆಯಾಗಿತ್ತು; ಅದಕ್ಕಾಗಿ ರೋಹ್ನೆ ಕೋಲ್ ಎಂಬ ಜಂಟಿ ಕಂಪನಿ ಹುಟ್ಟಿತ್ತು. ಅದರಲ್ಲಿ ಜೆಎಸ್‌ಡಬ್ಲ್ಯು ಕೂಡ ಇತ್ತು, ಭೂಷಣ್ ಪವರ್ ಕೂಡ ಇತ್ತು. ‘ಹಾಗಾದರೆ ಜೆಎಸ್‌ಡಬ್ಲ್ಯು ಸಂಬಂಧಿತ ಪಕ್ಷ, 32ಎ ರಕ್ಷಣೆ ಇಲ್ಲ’ ಎಂಬ ವಾದ ಬಂತು. ಸರ್ಕಾರದ ಹಂಚಿಕೆಯಿಂದಾಗಿ ಒಂದೇ ಚಾವಡಿಯಲ್ಲಿ ಕೂರಬೇಕಾಯಿತೆಂಬ ಕಾರಣಕ್ಕೆ ಸಂಬಂಧಿಕರಾಗುವುದಿಲ್ಲ ಎಂದು ಎನ್‌ಸಿಎಲ್‌ಎಟಿ 2020ರ ಫೆಬ್ರುವರಿ 17ರ ತೀರ್ಪಿನಲ್ಲಿ ಅದನ್ನು ತಳ್ಳಿಹಾಕಿತು. ಉಕ್ಕು, ಸಿಮೆಂಟು, ಗಣಿಯಂಥ ವಲಯಗಳಲ್ಲಿ ಬಿಡ್ ಮಾಡುವವರು ಇಂಥ ಹಳೆಯ ಜಂಟಿ ಕಂಪನಿಗಳ ಪಟ್ಟಿಯನ್ನು ಬಿಡ್ ಹಾಕುವ ಮುಂಚೆಯೇ ತೆಗೆದು, ಆರ್‌ಪಿಗೆ ಲಿಖಿತವಾಗಿ ತಿಳಿಸುವುದು ಜಾಣತನ. ಆಮೇಲೆ ಬಯಲಾದರೆ ನಿರುಪದ್ರವಿ ಸಂಗತಿಯೂ ಮುಚ್ಚಿಟ್ಟದ್ದಾಗಿ ಕಾಣುತ್ತದೆ.

2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ 32ಎ ಸಂವಿಧಾನಬದ್ಧ ಎಂದಿತು. ಭೂಷಣ್ ಪವರ್‌ನ ಮುಟ್ಟುಗೋಲು ಆಸ್ತಿ ಜೆಎಸ್‌ಡಬ್ಲ್ಯುಗೆ ಹಸ್ತಾಂತರವಾಗಲು ಮಾತ್ರ 2024ರ ಡಿಸೆಂಬರ್‌ನ ಆದೇಶದವರೆಗೆ ಕಾಯಬೇಕಾಯಿತು. ಕಾನೂನು ಎರಡೂವರೆ ತಿಂಗಳಲ್ಲಿ ಬದಲಾಯಿತು, ಅದರ ಫಲ ಕೈಗೆ ಬರಲು ಐದು ವರ್ಷ.

ವಾಪಸಿನ ಷರತ್ತಿನ ಮೇಲೆ ಪಾವತಿ

ಎನ್‌ಸಿಎಲ್‌ಎಟಿ ತೀರ್ಪಿನ ವಿರುದ್ಧ ಹಳೆಯ ಪ್ರವರ್ತಕರೂ, ಕಲ್ಯಾಣಿ ಟ್ರಾನ್ಸ್‌ಕೋ ಮುಂತಾದ ಸರಬರಾಜುದಾರರೂ, ಇ.ಡಿ.ಯೂ ಸುಪ್ರೀಂ ಕೋರ್ಟಿಗೆ ಹೋದರು. ಯೋಜನೆಗೆ ತಡೆ ಸಿಗಲಿಲ್ಲ, ಅಂತಿಮತೆಯೂ ಸಿಗಲಿಲ್ಲ. 2020ರ ಮಾರ್ಚ್ 6ರಂದು ಸಾಲದಾತರ ಸಮಿತಿಯ ಪರ ವಕೀಲರು ಕೋರ್ಟಿನಲ್ಲಿ ಒಂದು ಹೇಳಿಕೆ ಕೊಟ್ಟರು: ಜೆಎಸ್‌ಡಬ್ಲ್ಯು ಹಣ ಕಟ್ಟಿದ ಮೇಲೆ ಮೇಲ್ಮನವಿಗಳು ಗೆದ್ದರೆ ಎರಡು ತಿಂಗಳೊಳಗೆ ಹಣ ಹಿಂದಿರುಗಿಸುತ್ತೇವೆ. ಮುಂದೆ 2021ರ ಮಾರ್ಚ್ 26ರಂದು ಜೆಎಸ್‌ಡಬ್ಲ್ಯು 19,350 ಕೋಟಿ ಕಟ್ಟಿ ಕಂಪನಿಯನ್ನು ವಶಕ್ಕೆ ತೆಗೆದುಕೊಂಡಿತು. ಅರ್ಜಿ ಅಂಗೀಕಾರವಾದ ದಿನದಿಂದ 1,339 ದಿನ.

ಈ ಏರ್ಪಾಡು ಆ ಹೊತ್ತಿಗೆ ಎಲ್ಲರಿಗೂ ಅನುಕೂಲವಾಗಿ ಕಂಡಿತು. ಹಣ ಬಂತು, ಕಾರ್ಖಾನೆ ಓಡಿತು. ಆದರೆ ಬ್ಯಾಂಕುಗಳ ಪುಸ್ತಕದಲ್ಲಿ ವಸೂಲಿ ಎಂದು ಬರೆದ ಹಣಕ್ಕೆ ವಾಪಸಿನ ಬಾಲ ಅಂಟಿಕೊಂಡಿತು. 2025ರ ಮೇ 2ರಂದು ಆ ಬಾಲ ಎಳೆಯಿತು.

ಮೇ 2ರ ತೀರ್ಪು ಹೇಳಿದ್ದೇನು

ಆ ತೀರ್ಪನ್ನು ಹಿಂಪಡೆದಿದ್ದಾರೆಂದು ಮಡಿಸಿ ಇಡುವುದು ತಪ್ಪು. ಆರ್‌ಪಿ ಮತ್ತು ಬ್ಯಾಂಕ್ ಅಧಿಕಾರಿಗಳು ಮಾಡುವ ತಪ್ಪುಗಳ ಪಟ್ಟಿ ಅದರಲ್ಲಿದೆ, ಪರಿಹಾರವಾಗಿ ಆರಿಸಿಕೊಂಡ ಅಸ್ತ್ರ ಮಾತ್ರ ಅತಿಯಾಯಿತು. ಪೀಠ ಎತ್ತಿದ ಆಕ್ಷೇಪಗಳು ಇವು: 270 ದಿನ ಮುಗಿದರೂ ಸರಿಯಾಗಿ ವಿಸ್ತರಣೆ ಕೇಳಿರಲಿಲ್ಲ. ಕಲಂ 29ಎ ಅಡಿ ಬಿಡ್ದಾರನ ಅರ್ಹತೆಯನ್ನು ಆರ್‌ಪಿ ಪರಿಶೀಲಿಸಿ ದೃಢಪಡಿಸಿದ ದಾಖಲೆ ಸಮರ್ಪಕವಾಗಿರಲಿಲ್ಲ. ಹಳೆಯ ಪ್ರವರ್ತಕರ ಕಾಲದ ಅನುಮಾನಾಸ್ಪದ ವಹಿವಾಟುಗಳ ಮೇಲೆ ಆತ ಅರ್ಜಿ ಹಾಕಿರಲಿಲ್ಲ. ಯೋಜನೆ ಜಾರಿಯಾಗುವಾಗ ಆರ್ಥಿಕ ಸಾಲದಾತರಿಗೆ 540 ದಿನ, ಸರಬರಾಜುದಾರರಂಥ ಕಾರ್ಯಾಚರಣಾ ಸಾಲದಾತರಿಗೆ ಸುಮಾರು 900 ದಿನ ತಡವಾಗಿತ್ತು. ನಿಯಮ 38ರ ಪ್ರಕಾರ ಮೊದಲು ಹಣ ಪಡೆಯಬೇಕಾದವರು ಕಾರ್ಯಾಚರಣಾ ಸಾಲದಾತರೇ. 8,550 ಕೋಟಿ ಈಕ್ವಿಟಿ (ಷೇರು ಬಂಡವಾಳ) ತರುತ್ತೇವೆ ಎಂದಿದ್ದ ಜೆಎಸ್‌ಡಬ್ಲ್ಯು 100 ಕೋಟಿ ಮಾತ್ರ ಈಕ್ವಿಟಿಯಾಗಿ ತಂದು, 8,450 ಕೋಟಿಯನ್ನು ಪರಿವರ್ತನೀಯ ಡಿಬೆಂಚರ್ (ಮುಂದೆ ಷೇರಾಗುವ ಸಾಲಪತ್ರ) ರೂಪದಲ್ಲಿ ತಂದಿತ್ತು.

ಈ ಪಟ್ಟಿಯಲ್ಲಿ ನಮಗೆ ಹೆಚ್ಚು ತೂಕದ್ದಾಗಿ ಕಾಣುವುದು ಕಾರ್ಯಾಚರಣಾ ಸಾಲದಾತರ ವಿಷಯ. ಯೋಜನೆಯಲ್ಲಿ ಅವರಿಗೆ 350 ಕೋಟಿ ಇತ್ತು. 19,350 ಕೋಟಿಯ ಮುಂದೆ ಅದು ಪುಡಿಗಾಸು. ಆದರೆ ಲಾರಿ ಓಡಿಸಿದವನಿಗೆ, ಬಿಡಿಭಾಗ ಕೊಟ್ಟ ಸಣ್ಣ ಉದ್ದಿಮೆಗೆ ಅದೇ ಬಂಡವಾಳ. ಸಮಿತಿಯಲ್ಲಿ ಅವರಿಗೆ ಮತವಿಲ್ಲ. ಸಮಾಪನದಲ್ಲಿ ಸಿಗಬಹುದಾದ ಮೊತ್ತಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂಬುದೇ ಕಾನೂನಿನ ಮುಖ್ಯ ಆಸರೆ. ಆ ಮೊತ್ತ ಹೆಚ್ಚಿನ ಪ್ರಕರಣಗಳಲ್ಲಿ ಸೊನ್ನೆ. ಮೊದಲು ಕೊಡಬೇಕಾದವರಿಗೆ ಕೊನೆಗೆ ಕೊಟ್ಟದ್ದನ್ನು ವಾಣಿಜ್ಯ ವಿವೇಕ ಎನ್ನಲಾಗದು.

ಈಕ್ವಿಟಿ ಬದಲು ಡಿಬೆಂಚರ್ ಎಂಬುದು ಅಷ್ಟು ಗಂಭೀರವಲ್ಲ. ಕಂಪನಿಗೆ ಹಣ ಬಂದಿದೆ, ಹಳೆಯ ಸಾಲದಾತರಿಗೆ ನಷ್ಟವಾಗಿಲ್ಲ. ಆದರೂ ಯೋಜನೆ ಬರೆಯುವವರಿಗೆ ಪಾಠವಿದೆ: ‘ಈಕ್ವಿಟಿ’ ಎಂದು ಬರೆದರೆ ಈಕ್ವಿಟಿಯನ್ನೇ ತನ್ನಿ, ಬೇರೆ ಸಾಧನ ಬಳಸುವ ಯೋಚನೆಯಿದ್ದರೆ ‘ಈಕ್ವಿಟಿ ಅಥವಾ ಕಡ್ಡಾಯ ಪರಿವರ್ತನೀಯ ಸಾಧನ’ ಎಂದು ಮೊದಲೇ ಬರೆದು, ಪರಿವರ್ತನೆಯ ಗಡುವನ್ನೂ ಹಾಕಿ.

ಅತಿಯಾದದ್ದು ಇಲ್ಲಿ. ಈ ಲೋಪಗಳಿಗೆ ದಂಡ, ಬಡ್ಡಿ, ಸರಬರಾಜುದಾರರಿಗೆ ಹೆಚ್ಚುವರಿ ಪಾವತಿ, ಆರ್‌ಪಿ ಮೇಲೆ ಶಿಸ್ತುಕ್ರಮ, ಇವೆಲ್ಲ ಇದ್ದವು. ನಾಲ್ಕು ವರ್ಷದಿಂದ ಓಡುತ್ತಿರುವ ಉಕ್ಕಿನ ಕಾರ್ಖಾನೆಯ ಸಮಾಪನದಿಂದ ಲಾಭವಾಗುವ ಪಕ್ಷ ಒಂದೂ ಇರಲಿಲ್ಲ, ಹಳೆಯ ಪ್ರವರ್ತಕರನ್ನು ಬಿಟ್ಟರೆ. ಮೇ 26ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಯಥಾಸ್ಥಿತಿಗೆ ಆದೇಶಿಸಿದ್ದರಿಂದ ಎನ್‌ಸಿಎಲ್‌ಟಿಯಲ್ಲಿ ಸಮಾಪನ ಶುರುವಾಗಲಿಲ್ಲ. ಜುಲೈ 31ರಂದು ತೀರ್ಪು ಹಿಂಪಡೆಯುವಾಗ ಮುಖ್ಯ ನ್ಯಾಯಮೂರ್ತಿಗಳು 25,000 ಉದ್ಯೋಗಿಗಳ ಬದುಕನ್ನು ನೆನಪಿಸಿದರು.

ಲಾಭ ಯಾರದ್ದು?

ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಕಲಿಯಲು ಹೆಚ್ಚು ಇರುವುದು ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ) ಭಾಗದಲ್ಲಿ. ಪ್ರಕ್ರಿಯೆ ನಡೆಯುತ್ತಿದ್ದ ವರ್ಷಗಳಲ್ಲಿ ಉಕ್ಕಿನ ಬೆಲೆ ಚೇತರಿಸಿ, ಬಡ್ಡಿ ಕಟ್ಟುವ ಹೊರೆಯೂ ಇಲ್ಲದೆ, ಕಂಪನಿ ಸುಮಾರು 3,570 ಕೋಟಿ ರೂಪಾಯಿ ಕಾರ್ಯಾಚರಣಾ ಲಾಭ ಮಾಡಿತ್ತು. ಇದು ಸಾಲದಾತರದ್ದೇ, ಕಂಪನಿಯಲ್ಲೇ ಉಳಿದು ಹೊಸ ಮಾಲೀಕನದ್ದಾಗುತ್ತದೆಯೇ? 2019ರಲ್ಲಿ ಎನ್‌ಸಿಎಲ್‌ಟಿ ಹಾಕಿದ ಷರತ್ತುಗಳಲ್ಲಿ ಇದೂ ಒಂದು. 2025ರಲ್ಲಿ ಬ್ಯಾಂಕುಗಳೂ, ತಡವಾದದ್ದಕ್ಕೆ ಬಡ್ಡಿಯ ಜೊತೆಗೆ, ಇದನ್ನು ಕೇಳಿದವು. ಸುಪ್ರೀಂ ಕೋರ್ಟ್ ಬಿಡ್ ಆಹ್ವಾನ ಪತ್ರ ತೆಗೆದು ನೋಡಿತು. ಅದರಲ್ಲೂ ಯೋಜನೆಯಲ್ಲೂ ಮಧ್ಯಂತರ ಲಾಭ ಹಂಚುವ ಮಾತೇ ಇರಲಿಲ್ಲ. ಬರೆಯದ್ದನ್ನು ಆಮೇಲೆ ಕೇಳುವಂತಿಲ್ಲ ಎಂದು ಅದು ಹೇಳಿತು. ಇದಕ್ಕೂ ಮುಂಚಿನ ಎಸ್ಸಾರ್ ಸ್ಟೀಲ್ ಪ್ರಕರಣದಲ್ಲೂ ಉತ್ತರ ಇದೇ ಆಗಿತ್ತು.

ಒಂದು ಸಾಲು ಬರೆಯದ ಬೆಲೆ 3,570 ಕೋಟಿ. ದೊಡ್ಡ ಕಂಪನಿಯ ಬಿಡ್ ಆಹ್ವಾನ ಪತ್ರದಲ್ಲಿ ಮೂರು ಸಂಗತಿ ಇರಲೇಬೇಕು: ಮಧ್ಯಂತರ ಲಾಭ ಯಾರಿಗೆ, ನಷ್ಟವಾದರೆ ಯಾರ ತಲೆಗೆ, ನಗದನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುವುದು. ನಷ್ಟದ ಸಾಲನ್ನು ಬ್ಯಾಂಕುಗಳು ಸೇರಿಸಲು ಹಿಂಜರಿಯುತ್ತವೆ. ಆದರೆ ಅದಿಲ್ಲದೆ ಲಾಭದ ಸಾಲನ್ನು ಯಾವ ಬಿಡ್ದಾರನೂ ಒಪ್ಪುವುದಿಲ್ಲ.

ಅದೇ ತೀರ್ಪು ಇನ್ನೊಂದು ಅಡಚಣೆ ನಿವಾರಿಸಿತು: ಯೋಜನೆ ಮಂಜೂರಾದ ಕೂಡಲೇ ಸಾಲದಾತರ ಸಮಿತಿ ಅಸ್ತಿತ್ವ ಕಳೆದುಕೊಳ್ಳುವುದಿಲ್ಲ, ಜಾರಿಯಾಗುವವರೆಗೂ ಇರುತ್ತದೆ. ಮುಟ್ಟುಗೋಲಿನಂಥ ಅಡ್ಡಿ ಬಂದಾಗ ಗಡುವು ಮುಂದೂಡಲು ಯಾರನ್ನು ಕೇಳಬೇಕೆಂಬುದು ಅಲ್ಲಿಯವರೆಗೆ ಅಸ್ಪಷ್ಟವಾಗಿತ್ತು. ಯೋಜನೆಯಲ್ಲಿ ‘ಜಾರಿ ದಿನಾಂಕ’ವನ್ನು ಎನ್‌ಸಿಎಲ್‌ಟಿ ಆದೇಶದಿಂದ ಇಂತಿಷ್ಟು ದಿನ ಎಂದು ಬರೆದು, ಯಾವ ಕಾರಣಕ್ಕೆ, ಎಷ್ಟು ದಿನ, ಶೇ ಎಷ್ಟು ಮತದಿಂದ ವಿಸ್ತರಿಸಬಹುದು, ವಿಸ್ತರಣೆಗೆ ಬಡ್ಡಿ ಎಷ್ಟು ಎಂಬುದನ್ನು ಈಗ ಧೈರ್ಯವಾಗಿ ಸೇರಿಸಬಹುದು.

ಹಣದ ಲೆಕ್ಕ: 47,158 ಕೋಟಿಗೆ 19,350 ಕೋಟಿ, ಅಂದರೆ ಶೇ 41. ಎನ್‌ಸಿಎಲ್‌ಟಿ ಮಂಜೂರಾತಿಯಿಂದ ಹಣ ಬರುವವರೆಗೆ ಕಳೆದ 568 ದಿನಗಳಿಗೆ ಶೇ 8ರಂತೆ ಬಡ್ಡಿ ಹಾಕಿದರೆ ಸುಮಾರು 2,400 ಕೋಟಿ ಕರಗಿತು. ‘ಹೇರ್‌ಕಟ್’ (ಸಾಲದಾತರು ಬಿಟ್ಟುಕೊಡುವ ಪಾಲು) ಬಗ್ಗೆ ಮಾತಾಡುವಾಗ ಎಲ್ಲರೂ ಮೊದಲ ಅಂಕಿ ಹೇಳುತ್ತಾರೆ, ಎರಡನೆಯದನ್ನು ಯಾರೂ ಹೇಳುವುದಿಲ್ಲ.

2025ರ ಮಸೂದೆ ಇಲ್ಲಿದ್ದಿದ್ದರೆ

2025ರ ಆಗಸ್ಟ್ 12ರಂದು, ಭೂಷಣ್ ಪವರ್ ಮರುವಿಚಾರಣೆ ನಡೆಯುತ್ತಿದ್ದಾಗಲೇ, ಸಂಹಿತೆಯ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಮಂಡನೆಯಾಯಿತು. ಅದರ ಪ್ರಸ್ತಾವಗಳನ್ನು ಈ ಕಡತಕ್ಕೆ ಹಚ್ಚಿ ನೋಡಬಹುದು.

ಸುಸ್ತಿ ಸಾಬೀತಾದರೆ 14 ದಿನದೊಳಗೆ ಅರ್ಜಿಯನ್ನು ಅಂಗೀಕರಿಸಲೇಬೇಕು, ತಡವಾದರೆ ಕಾರಣ ಬರೆಯಬೇಕು ಎಂಬುದು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಿರಲಿಲ್ಲ. ಅರ್ಜಿ ಬೇಗನೆ ಅಂಗೀಕಾರವಾಗಿತ್ತು. ಸಣ್ಣ, ಮಧ್ಯಮ ಪ್ರಕರಣಗಳಿಗೆ ಮಾತ್ರ ಅದು ವರ. ಯೋಜನೆಯನ್ನು ಎನ್‌ಸಿಎಲ್‌ಟಿ 30 ದಿನದಲ್ಲಿ ತೀರ್ಮಾನಿಸಬೇಕು ಎಂಬ ನಿಯಮ ಹಲವು ತಿಂಗಳು ಉಳಿಸುತ್ತಿತ್ತು. ಯೋಜನೆಯ ಜಾರಿಯನ್ನು ಮೊದಲು ಮಂಜೂರು ಮಾಡಿ, ಸಾಲದಾತರ ನಡುವಿನ ಹಂಚಿಕೆಯ ಜಗಳವನ್ನು ಬೇರೆಯಾಗಿ ಬಗೆಹರಿಸುವ ಎರಡು ಹಂತದ ದಾರಿ ಇನ್ನೂ ಉಪಯುಕ್ತ: ಬ್ಯಾಂಕು ಬ್ಯಾಂಕುಗಳ ನಡುವಿನ ತಕರಾರಿಗೆ ಕಾರ್ಖಾನೆ ಕಾಯಬೇಕಿಲ್ಲ. ಅನುಮಾನಾಸ್ಪದ ವಹಿವಾಟಿನ ಅರ್ಜಿಗಳು ಪ್ರಕ್ರಿಯೆ ಮುಗಿದ ಮೇಲೂ ಮುಂದುವರಿಯುತ್ತವೆ ಎಂಬ ಸ್ಪಷ್ಟನೆ ಮೇ 2ರ ತೀರ್ಪಿನ ಒಂದು ದೂರಿಗೆ ನೇರ ಉತ್ತರ.

ಮಸೂದೆಯಲ್ಲಿ ಹೊಸದಾಗಿ ಬಂದ ಸಾಲದಾತ-ಚಾಲಿತ ಪ್ರಕ್ರಿಯೆ ಬೇರೆಯೇ ಬಗೆಯದು. ಮೌಲ್ಯದಲ್ಲಿ ಶೇ 51 ಸಾಲದಾತರು ಒಪ್ಪಿದರೆ, ಕಂಪನಿಗೆ ಆಕ್ಷೇಪಿಸಲು 30 ದಿನ ಕೊಟ್ಟು, ಕೋರ್ಟಿನ ಹೊರಗೇ ಶುರು ಮಾಡಬಹುದು. ಆಡಳಿತ ಮಂಡಳಿ ಕುರ್ಚಿಯಲ್ಲೇ ಇರುತ್ತದೆ, ಆರ್‌ಪಿ ಮೇಲ್ವಿಚಾರಣೆ ಮಾಡುತ್ತಾನೆ. 150 ದಿನ, ಬೇಕಿದ್ದರೆ ಇನ್ನು 45. ಸಾಲ ಹೆಚ್ಚಾದರೂ ಆಡಳಿತ ನೆಟ್ಟಗಿರುವ ಕಂಪನಿಗೆ ಇದು ಒಳ್ಳೆಯ ದಾರಿ. ಭೂಷಣ್ ಪವರ್‌ಗೆ ಇದನ್ನು ಬಳಸಿದ್ದರೆ ವಂಚನೆಯ ಆರೋಪ ಹೊತ್ತವರ ಕೈಯಲ್ಲೇ ಬೀಗದ ಕೈ ಇರುತ್ತಿತ್ತು. ವಿಧಿವಿಜ್ಞಾನ ಲೆಕ್ಕಪರಿಶೋಧನೆಯ ಮೊದಲ ವರದಿ ಬರುವ ಮುಂಚೆ ಬ್ಯಾಂಕುಗಳು ಈ ದಾರಿ ಆರಿಸಬಾರದು.

ಇನ್ನು ಮೇಲ್ಮನವಿ. ಎನ್‌ಸಿಎಲ್‌ಎಟಿ ಮೂರು ತಿಂಗಳಲ್ಲಿ ತೀರ್ಮಾನಿಸಬೇಕು ಎಂದಿತು ಮಸೂದೆಯನ್ನು ಪರಿಶೀಲಿಸಿದ ಸಂಸತ್ತಿನ ಆಯ್ಕೆ ಸಮಿತಿ. ಭೂಷಣ್ ಪವರ್‌ನಲ್ಲಿ ಎನ್‌ಸಿಎಲ್‌ಎಟಿ ತೆಗೆದುಕೊಂಡದ್ದು ಐದೂವರೆ ತಿಂಗಳಿಗಿಂತ ಕಡಿಮೆ. ಅದೂ ಮಧ್ಯೆ ಮುಟ್ಟುಗೋಲು, ಸುಗ್ರೀವಾಜ್ಞೆ ಎರಡನ್ನೂ ದಾಟಿ. ಉಳಿದ ಐದೂ ಚಿಲ್ಲರೆ ವರ್ಷ ಹೋದದ್ದು ಸುಪ್ರೀಂ ಕೋರ್ಟಿನಲ್ಲಿ. ಕಲಂ 62 ಅಲ್ಲಿಗೆ ಹೋಗಲು 45 ದಿನದ ಗಡುವು ಇಡುತ್ತದೆ, ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ಎನ್ನುತ್ತದೆ. ಒಳಗೆ ಹೋದ ಮೇಲೆ ಎಷ್ಟು ದಿನದಲ್ಲಿ ಹೊರಬರಬೇಕೆಂದು ಏನೂ ಹೇಳುವುದಿಲ್ಲ, ಮಸೂದೆಯೂ ಅದನ್ನು ಮುಟ್ಟಿಲ್ಲ. ಹಾಗಾಗಿ ದೊಡ್ಡ ಮೊತ್ತದ ಯೋಜನೆ ಕೈಯಲ್ಲಿರುವ ಸಮಿತಿಗೆ ಸದ್ಯಕ್ಕೆ ಉಳಿಯುವ ಕೆಲಸ ಒಂದೇ: 2020ರ ಮಾರ್ಚ್ 6ರಂಥ ವಾಪಸಿನ ಹೇಳಿಕೆ ಕೊಡಲೇಬೇಕಾಗಿ ಬಂದರೆ ಅದಕ್ಕೆ ಕೊನೆಯ ದಿನಾಂಕ ಹಾಕುವುದು, ಹಿಂದಿರುಗಿಸುವ ಮೊತ್ತಕ್ಕೆ ಮಿತಿ ಇಡುವುದು, ಮತ್ತು ಮೇಲ್ಮನವಿ ದಾಖಲಾದ ವಾರದಲ್ಲೇ ತ್ವರಿತ ವಿಚಾರಣೆಗೆ ಅರ್ಜಿ ಹಾಕುವುದು.